30 ತಾಸು ಎಂದು ಬರೆದಿದ್ದ ಪ್ಲೇಯರ್: ಮೂರು ವರ್ಷ ಬಳಸಿದ ಮೇಲೆ

ಮಧ್ಯಾಹ್ನ ಮೂರೂವರೆ ಆಯಿತು ಅಂದರೆ ಹಾಡು ನಿಂತುಹೋಗುತ್ತಿತ್ತು. ಇನ್ನೂ ಮೂರೂವರೆ ತಾಸಿನ ಹೊಲಿಗೆ ಬಾಕಿ. ಹಾಡಿನ ಪ್ಲೇಯರ್‌ನ ಬಾಕ್ಸ್ ಮೇಲೆ ದಪ್ಪ ಅಕ್ಷರದಲ್ಲಿ ಬ್ಯಾಟರಿ 30 ತಾಸು ಎಂದು ಬರೆದಿತ್ತು. ನನಗೆ ಸಿಗುತ್ತಿದ್ದದ್ದು ಆರು, ಹೆಚ್ಚೆಂದರೆ ಏಳು. ಆ ಸಿಟ್ಟಿನಲ್ಲೇ ಒಮ್ಮೆ ವಿಮರ್ಶೆ ಬರೆಯಲು ಕೂತಿದ್ದೆ. ಆಗ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ. ಬರೆಯದೆ ಇದ್ದದ್ದೇ ಒಳ್ಳೆಯದಾಯಿತು.

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಟೈಲರ್. ಪ್ಯಾಂಟಿನ ಹಿಂದಿನ ಜೇಬು ಹಚ್ಚುವುದು ನನ್ನ ಕೆಲಸ. ಪೀಸ್ ಲೆಕ್ಕದ ಕೂಲಿ. ಬೆಳಿಗ್ಗೆ ಒಂಬತ್ತೂವರೆಗೆ ಮಷಿನ್ ಮುಂದೆ ಕೂತರೆ ಸಂಜೆ ಏಳರವರೆಗೆ ಏಳುವುದು ಊಟಕ್ಕೆ, ಚಹಾಕ್ಕೆ ಮಾತ್ರ. ಮನೆಯಲ್ಲಿರುವ ಒಂದೇ ಒಳ್ಳೆಯ ಫೋನ್ ಮಗಳ ಹತ್ತಿರ ಇರುತ್ತದೆ. ಅವಳ ಕಾಲೇಜಿನ ನೋಟ್ಸ್ ಎಲ್ಲ ಅದರಲ್ಲೇ. ಲೈನಿನಲ್ಲಿ ಫೋನ್ ಹಿಡಿದು ಕೂರಲು ನಮ್ಮ ಯೂನಿಟ್‌ನಲ್ಲಿ ಬಿಡುವುದೂ ಇಲ್ಲ. ಹಾಗಾಗಿ ದೀಪಾವಳಿ ಬೋನಸ್ ಬಂದಾಗ 2,200 ರೂಪಾಯಿ ಕೊಟ್ಟು ಈ ಸಣ್ಣ ಬಟನ್ ಪ್ಲೇಯರ್ ತಗೊಂಡೆ. ಎಷ್ಟು ಜಿಬಿ, ಯಾವ ಬಣ್ಣ ಅನ್ನುವುದೆಲ್ಲ ಬಾಕ್ಸ್ ಮೇಲೇ ಇರುತ್ತದೆ, ನೀವು ನೋಡಿರುತ್ತೀರಿ. ನಾನು ಬ್ಯಾಟರಿ ಬಗ್ಗೆ ಮಾತ್ರ ಹೇಳುತ್ತೇನೆ.

ತಗೊಂಡ ವಾರವೇ ಅದಕ್ಕೊಂದು ಚೀಲ ಹೊಲಿದೆ. ಕಟಿಂಗ್ ಟೇಬಲ್ ಕೆಳಗೆ ಬಿದ್ದಿದ್ದ ದಪ್ಪ ಡೆನಿಮ್ ತುಂಡು, ಅಂಚಿಗೆ ಜೀನ್ಸ್‌ಗೆ ಹಾಕುವ ಅದೇ ಹಳದಿ ದಾರದ ಎರಡು ಸಾಲು ಹೊಲಿಗೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹಿಂದೆ ಒಂದು ಲೂಪ್. ಇಯರ್‌ಫೋನ್ ವೈರ್ ಹೊರಬರಲು ಕಾಜಾ ಮಷಿನ್‌ನಲ್ಲಿ ಒಂದು ಕಾಜಾ ಹೊಡೆಸಿದೆ. ನೋಡಿದವರೆಲ್ಲ ಎಲ್ಲಿ ತಗೊಂಡೆ ಅಂತ ಕೇಳುತ್ತಿದ್ದರು. ಆ ಚೀಲ ನನಗೆ ಪ್ಲೇಯರ್‌ಗಿಂತ ಇಷ್ಟವಾಗಿತ್ತು.

ಮೊದಲ ಎರಡು ತಿಂಗಳು 22 ತಾಸು ಬಂತು. 30 ಅಲ್ಲದಿದ್ದರೂ ಪರವಾಗಿಲ್ಲ, ಎರಡೂವರೆ ದಿನಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗುತ್ತಿತ್ತು. ಯುಗಾದಿ ಹೊತ್ತಿಗೆ ಅದು 12ಕ್ಕೆ ಇಳಿಯಿತು. ಮೇ ತಿಂಗಳಲ್ಲಿ ಏಳು ತಾಸು. ತಗೊಂಡ ಅಂಗಡಿಗೆ ಹೋದೆ. ಬ್ಯಾಟರಿಗೆ ವಾರಂಟಿ ಇಲ್ಲ ಅಂದರು, ಕೈಯಲ್ಲಿ ಹಿಡಿದು ಸಹ ನೋಡಲಿಲ್ಲ. ನೂರಾರು ಜೇಬು ಹಚ್ಚಿ ಗಳಿಸಿದ ದುಡ್ಡು. ಅವತ್ತು ಮನೆಗೆ ಬಂದು ಊಟ ಮಾಡಲೂ ಮನಸ್ಸಾಗಲಿಲ್ಲ.

ಮಳೆಗಾಲ ಶುರುವಾದ ಮೇಲೆ ಕೌಲ್ ಬಜಾರಿನಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ಹುಡುಗನ ಹತ್ತಿರ ತೋರಿಸಿದೆ. ಹೊಸ ಬ್ಯಾಟರಿ ಹಾಕಿಕೊಡಪ್ಪ ಅಂದೆ. ಅವನು ಸ್ಕ್ರೂ ಡ್ರೈವರ್ ಮುಟ್ಟಲೇ ಇಲ್ಲ. ಮೊದಲು ಟಾರ್ಚ್ ಹಾಕಿ ಚಾರ್ಜಿಂಗ್ ಪೋರ್ಟ್ ಒಳಗೆ ನೋಡಿದ. ಆಮೇಲೆ ಪ್ಲೇಯರ್ ಆಫ್ ಮಾಡಿ, ಹಲ್ಲುಕಡ್ಡಿಯ ತುದಿಯನ್ನು ಸಣ್ಣಗೆ ಸೀಳಿ, ಮೆಲ್ಲಗೆ ಕೆದಕಿದ. ಏನೋ ಹೊರಗೆ ಬಂತು. ಅಕ್ಕಿಕಾಳಿನಷ್ಟು ಉದ್ದ, ಒತ್ತಿ ಒತ್ತಿ ಕಲ್ಲಿನಂತೆ ಗಟ್ಟಿಯಾದ ನೂಲಿನ ಧೂಳು. ನೀಲಿ ಬಣ್ಣ. ಅವನ ಅಂಗೈ ಮೇಲೆ ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದು ನನ್ನ ಚೀಲದ್ದೇ.

"ಅಕ್ಕಾ, ಬ್ಯಾಟ್ರಿ ಚೆನ್ನಾಗೇ ಐತೆ. ಪಿನ್ನು ಪೂರ್ತಿ ಒಳಗೆ ಕೂರ್ತಾನೇ ಇಲ್ಲ. ಚಾರ್ಜೇ ತುಂಬಿಲ್ಲ ಅಂದ್ರೆ ಎಲ್ಲಿಂದ ಬರ್ಬೇಕು?" ಅಂದ.

ಚೀಲದ ಹೊರಮೈ ಅಷ್ಟು ಚೆನ್ನಾಗಿ ಹೊಲಿದಿದ್ದ ನಾನು ಒಳಗೆ ಅಸ್ತರ್ ಹಾಕಿರಲಿಲ್ಲ. ಕತ್ತರಿಸಿದ ಡೆನಿಮ್ ಅಂಚು ಹಾಗೇ ಬಿಟ್ಟಿತ್ತು. ಪ್ರತಿ ಸಲ ಪ್ಲೇಯರ್ ಒಳಗೆ ತುರುಕಿದಾಗ ನೂಲು ಉದುರಿ ಪೋರ್ಟ್ ಸೇರುತ್ತಿತ್ತು. ಮರುದಿನ ಚಾರ್ಜರ್ ಪಿನ್ನು ಅದನ್ನು ಇನ್ನಷ್ಟು ಒಳಗೆ ಒತ್ತುತ್ತಿತ್ತು. ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿದರೆ ಸ್ವಲ್ಪ ಹೊತ್ತಿನಲ್ಲೇ ಸಂಪರ್ಕ ಸಡಿಲವಾಗಿ ನಿಂತುಹೋಗುತ್ತಿತ್ತು. ಬೆಳಿಗ್ಗೆ ಗಡಿಬಿಡಿಯಲ್ಲಿ ಎಳೆದುಕೊಂಡು ಓಡುವವಳಿಗೆ ಅದು ಹೇಗೆ ಗೊತ್ತಾಗಬೇಕು? ಹುಡುಗ ದುಡ್ಡು ಬೇಡ ಅಂದ. ನಾನು ಒತ್ತಾಯ ಮಾಡಿ ಚಹಾಕ್ಕೆ ಅಂತ ಇಪ್ಪತ್ತು ರೂಪಾಯಿ ಇಟ್ಟು ಬಂದೆ. ಅವತ್ತೇ ರಾತ್ರಿ ಚೀಲ ಬಿಚ್ಚಿ, ಪ್ಯಾಂಟಿನ ಜೇಬಿಗೆ ಹಾಕುವ ನಯವಾದ ಬಿಳಿ ಬಟ್ಟೆಯ ಅಸ್ತರ್ ಕೊಟ್ಟು, ಅಂಚಿನ ನೂಲು ಬಿಚ್ಚದಂತೆ ಓವರ್‌ಲಾಕ್ ಮಾಡಲು ಎತ್ತಿಟ್ಟೆ.

ಇದಾದ ಮೇಲೆ 15 ತಾಸು ಬಂತು. ಖುಷಿಯಾಯಿತು. ಆದರೆ ಮೊದಲಿನ 22 ಎಲ್ಲಿ ಹೋಯಿತು?

ಪೀಸ್ ಲೆಕ್ಕ ಬರೆಯುವ ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪ್ಲೇಯರ್ ಲೆಕ್ಕವನ್ನೂ ಬರೆಯತೊಡಗಿದೆ. ಚಾರ್ಜ್ ತೆಗೆದ ಹೊತ್ತು, ಹಾಡು ಶುರು ಮಾಡಿದ್ದು, ನಿಂತದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮೂರು ವಿಷಯ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಲಾಭವಾಯಿತು ಅಂತ ತಿಳಿಯುವುದಿಲ್ಲ ಅಲ್ವಾ.

ಜಾಸ್ತಿ ತಿನ್ನುತ್ತಿದ್ದದ್ದು ಸ್ಕ್ರೀನ್. ಹಾಡು ಕೇಳುವಾಗ ನಾನು ಅದನ್ನು ನೋಡುವುದೇ ಇಲ್ಲ, ಮತ್ತೆ ಅದು ಯಾಕೆ ಉರಿಯಬೇಕು ಅಂತ ಮೊದಲು ಅರ್ಥವಾಗಲಿಲ್ಲ. ಒಂದು ಸಂಜೆ ಕರೆಂಟ್ ಹೋಗಿ ಶೆಡ್ ಪೂರ್ತಿ ಕತ್ತಲಾಯಿತು. ನನ್ನ ಸೊಂಟದ ಹತ್ತಿರ ಕಾಜಾದ ಸೀಳಿನಿಂದ ಸಣ್ಣಗೆ ಬೆಳಕು ಬರುತ್ತಿತ್ತು. ಬಗ್ಗಿದಾಗಲೆಲ್ಲ ದಪ್ಪ ಬಟ್ಟೆ ನಡುವಿನ ಬಟನ್ ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಸ್ಕ್ರೀನ್ 30 ಸೆಕೆಂಡ್ ಉರಿಯುತ್ತಿತ್ತು. ಜೇಬು ಹಚ್ಚುವವಳು ದಿನಕ್ಕೆ ಎಷ್ಟು ಸಲ ಬಗ್ಗುತ್ತಾಳೆ, ನೀವೇ ಲೆಕ್ಕ ಹಾಕಿ.

ಪಕ್ಕದಲ್ಲಿ ಹೋಲ್ಡ್ ಅನ್ನುವ ಸಣ್ಣ ಗುಂಡಿ ಇದೆ. ಅದನ್ನು ಸರಿಸಿದರೆ ಯಾವ ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ಏಳೆಂಟು ತಿಂಗಳು ಅದು ಯಾಕಿದೆ ಅಂತಲೇ ನಾನು ಕೇಳಿರಲಿಲ್ಲ. ಹೋಲ್ಡ್ ಹಾಕಿ, ಸ್ಕ್ರೀನ್ ಬೆಳಕನ್ನು ಐದು ಸೆಕೆಂಡಿಗೆ ಇಳಿಸಿದೆ. 15 ಇದ್ದದ್ದು 20 ಆಯಿತು. ನಿಮ್ಮ ಪ್ಲೇಯರ್‌ನಲ್ಲಿ ಈ ಗುಂಡಿ ಇದ್ದರೆ ಇವತ್ತೇ ಬಳಸಿ. ಹಾಡು ಬದಲಿಸುವಾಗ ಮಾತ್ರ ಹೋಲ್ಡ್ ತೆಗೆಯುತ್ತೇನೆ. ಬಟನ್‌ಗಳು ಬೆರಳಿಗೇ ಗೊತ್ತಾಗುತ್ತವೆ, ನೋಡಬೇಕಾಗಿಲ್ಲ. ಫೋನಿನಲ್ಲಿ ಈ ಸುಖ ಇಲ್ಲ.

ಉಳಿದದ್ದು ಅಪ್ಪನ ಹಾಡಿನಲ್ಲಿ ಸಿಕ್ಕಿತು.

ನಮ್ಮಪ್ಪ ಬಯಲಾಟದಲ್ಲಿ ಹಿಮ್ಮೇಳ ಹಾಡುತ್ತಿದ್ದರು. ಊರಿನವರು ಯಾರೋ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದ ನಾಲ್ಕು ಕ್ಯಾಸೆಟ್ ನನ್ನ ಹತ್ತಿರ ಇವೆ. ಒಂದೊಂದೂ 90 ನಿಮಿಷದ್ದು. ಅವನ್ನು ಪ್ಲೇಯರ್‌ಗೆ ಹಾಕಿಸುವುದಕ್ಕೇ ನಾನು ಇದನ್ನು ತಗೊಂಡದ್ದು ಅಂದರೂ ತಪ್ಪಿಲ್ಲ. ಕ್ಯಾಸೆಟ್ ಕಾಪಿ ಮಾಡಿಕೊಟ್ಟವರು ವೇವ್ ಫೈಲ್‌ನಲ್ಲಿ, ಅಂದರೆ ಸದ್ದನ್ನು ಕುಗ್ಗಿಸದೆ ಹಾಗೇ ಇಡುವ ದೊಡ್ಡ ಫೈಲ್‌ನಲ್ಲಿ ಕೊಟ್ಟಿದ್ದರು. ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಕ್ಯಾಸೆಟ್ಟಿಗೆ 900ರ ಹತ್ತಿರ. ಅದನ್ನು ನುಡಿಸುವಾಗ ಪ್ಲೇಯರ್ ಮೆಮೊರಿ ಕಾರ್ಡ್‌ನಿಂದ ಎಡೆಬಿಡದೆ ಓದುತ್ತಿರಬೇಕು, ಅದಕ್ಕೂ ಕರೆಂಟ್ ಬೇಕು. ಬಯಲಾಟ ಕೇಳಿದ ದಿನ ಬ್ಯಾಟರಿ ಬೇಗ ಮುಗಿಯುತ್ತದೆ ಅಂತ ನೋಟ್‌ಬುಕ್ ತೋರಿಸುತ್ತಿತ್ತು, ಕಾರಣ ನನಗೆ ಹೊಳೆದಿರಲಿಲ್ಲ. ಮಗಳು ಕಾಲೇಜಿನ ಕಂಪ್ಯೂಟರ್‌ನಲ್ಲಿ ಅವನ್ನು ಕುಗ್ಗಿಸಿ 64 ಕೆಬಿಪಿಎಸ್‌ನ (ಸೆಕೆಂಡಿಗೆ 64 ಕಿಲೋಬಿಟ್) ಮೋನೋ, ಅಂದರೆ ಒಂದೇ ಚಾನೆಲ್‌ನ ಎಂಪಿ3 ಮಾಡಿ ತಂದಳು. ಒಂದು ಕ್ಯಾಸೆಟ್ 43 ಎಂಬಿಗೆ ಇಳಿಯಿತು. ಟೇಪೇ ಮೋನೋ, ಮೈಕ್ ಒಂದೇ, ಹಿಂದೆ ಮದ್ದಳೆ, ಜನರ ಗದ್ದಲ. ಅಷ್ಟು ದೊಡ್ಡ ಫೈಲ್‌ನಲ್ಲಿ ಇದ್ದ ಅಪ್ಪನ ದನಿಗೂ ಈ ಸಣ್ಣ ಫೈಲ್‌ನ ದನಿಗೂ ನನ್ನ ಕಿವಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡು ತಾಸು ಹೆಚ್ಚು ಸಿಕ್ಕಿತು. ಹಳೆಯ ವೇವ್ ಫೈಲ್ ಮಾತ್ರ ಅಳಿಸಬೇಡಿ. ನಾವು ಬೇರೆ ಕಾರ್ಡಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೇವೆ.

ವಾಲ್ಯೂಮ್ ಬಗ್ಗೆ ಒಂದು ಮಾತು. ಮಷಿನ್ ಸದ್ದಿಗೆ ನಾನು ಜೋರಾಗಿ ಇಡುತ್ತಿದ್ದೆ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರಿನ ಇಯರ್‌ಫೋನ್ ತಂದ ಮೇಲೆ 26ರಿಂದ 17ಕ್ಕೆ ಇಳಿಸಿದೆ. ಬ್ಯಾಟರಿಗಿಂತ ಕಿವಿಗೆ ಇದು ಮುಖ್ಯ. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸಿಗಿಂತ ಜಾಸ್ತಿ ಕೇಳಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಂಥವರು ಕೇಳುವುದೇ ವಾರಕ್ಕೆ 48 ತಾಸು. ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ, ಮಾಸ್ಟರ್ ಕರೆದದ್ದು ಕೇಳಬೇಕು.

ಬ್ಲೂಟೂತ್ ಬೇಡ. ಮಗಳ ವೈರ್ ಇಲ್ಲದ ಇಯರ್‌ಫೋನ್ ಜೋಡಿಸಿ ನೋಡಿದೆ, ಎಂಟು ತಾಸಿಗೆ ಮುಗಿಯಿತು. ವೈರ್ ಇಲ್ಲದಿದ್ದರೆ ಎಫ್‌ಎಂ ಕೂಡ ಹಿಡಿಯುವುದಿಲ್ಲ, ವೈರೇ ಅದರ ಆಂಟೆನಾ. ಆಕಾಶವಾಣಿ ಹೊಸಪೇಟೆ ಇಲ್ಲದೆ ನನ್ನ ಬೆಳಗು ಆಗುವುದಿಲ್ಲ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ಬಳ್ಳಾರಿ 40 ಡಿಗ್ರಿ ದಾಟುತ್ತದೆ. ನಮ್ಮದು ತಗಡಿನ ಶೆಡ್, ಒಳಗೆ ಇನ್ನೂ ಹೆಚ್ಚು. ಮೊದಲ ಬೇಸಿಗೆಯಲ್ಲಿ ನಾನು ಊಟದ ಹೊತ್ತಿಗೆ ಮಷಿನ್ ಪಕ್ಕದ ಪ್ಲಗ್‌ನಲ್ಲಿ, ಚೀಲದಿಂದ ತೆಗೆಯದೆ ಚಾರ್ಜ್ ಹಾಕುತ್ತಿದ್ದೆ. ಕೈಗೆ ಸುಡುತ್ತಿತ್ತು. ಲಿಥಿಯಂ ಅಯಾನ್ ಬ್ಯಾಟರಿಯನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಅದರಲ್ಲೂ ಪೂರ್ತಿ ತುಂಬಿ 4.2 ವೋಲ್ಟ್‌ಗೆ ಬಂದ ಬ್ಯಾಟರಿ ಬಿಸಿಯಲ್ಲೇ ಇದ್ದರೆ ಅದರೊಳಗಿನ ರಾಸಾಯನಿಕಗಳು ಬೇಗ ಕೆಡುತ್ತವೆ. ಹೀಗೆ ಒಮ್ಮೆ ಕಳೆದುಕೊಂಡ ಶಕ್ತಿ ಮತ್ತೆ ಬರುವುದಿಲ್ಲ. ಅದನ್ನು ತಿಳಿಸಿದ್ದೂ ಆ ರಿಪೇರಿ ಹುಡುಗನೇ. "ತುಂಬಿದ ಬ್ಯಾಟ್ರಿನ ಬಿಸಿಲಿಗೆ ಇಟ್ರೆ ಬೇಗ ಮುದುಕ ಆಗ್ತೈತೆ ಅಕ್ಕಾ" ಅಂದಿದ್ದ.

ಈಗ ನನ್ನ ಚಾರ್ಜಿಂಗ್ ಬೆಳಗಿನ ಜಾವ ಐದಕ್ಕೆ. ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆ ಆ ಹೊತ್ತಿಗೆ ತಣ್ಣಗಿರುತ್ತದೆ. ಒಲೆಯಿಂದ ದೂರ, ನೀರಿನ ಕೊಡದ ಪಕ್ಕ, ಚೀಲದಿಂದ ಹೊರಗೆ ತೆಗೆದು ಬರಿಯ ಪ್ಲೇಯರ್ ಇಡುತ್ತೇನೆ. ಪಿನ್ನು ಕಟ್ ಅಂತ ಕೂತದ್ದು ಬೆರಳಿಗೆ ಗೊತ್ತಾಗಬೇಕು. ಚಹಾಕ್ಕೆ ಇಟ್ಟು, ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿಯಲು ಶುರು ಮಾಡುತ್ತೇನೆ. ಹದಿನಾಲ್ಕನೆಯ ರೊಟ್ಟಿ ಹಂಚಿನಿಂದ ಇಳಿಯುವಷ್ಟರಲ್ಲಿ ನಾಲ್ಕು ಗೆರೆಯಲ್ಲಿ ಮೂರು ತುಂಬಿರುತ್ತವೆ. ಅಲ್ಲಿಗೆ ತೆಗೆದುಬಿಡುತ್ತೇನೆ. ಪೂರ್ತಿ ತುಂಬಿಸುವುದು ಎರಡು ದಿನ ಚಾರ್ಜ್ ಸಿಗದ ಊರಿಗೆ ಹೋಗುವಾಗ ಮಾತ್ರ. ಸೊನ್ನೆಗೂ ಬಿಡುವುದಿಲ್ಲ, ಒಂದು ಗೆರೆ ಉಳಿದಾಗ ಹಾಕುತ್ತೇನೆ. ಹೆಚ್ಚು ದಿನ ಬಳಸದೆ ಇಡುವುದಿದ್ದರೆ ಅರ್ಧ ಚಾರ್ಜ್ ಇಟ್ಟು ಆಫ್ ಮಾಡುವುದು ಒಳ್ಳೆಯದು.

ಕೇಬಲ್ ವಿಷಯದಲ್ಲೂ ಒಮ್ಮೆ ಗಾಬರಿಯಾಗಿತ್ತು. ಎರಡೂ ತುದಿ ಒಂದೇ ತರಹ ಇರುವ ಹೊಸ ಟೈಪ್ ಸಿ ಕೇಬಲ್ ಹಾಕಿದರೆ ಇದು ಚಾರ್ಜೇ ಆಗುವುದಿಲ್ಲ. ಕಡಿಮೆ ಬೆಲೆಯ ಪ್ಲೇಯರ್‌ಗಳಲ್ಲಿ ಕೆಲವಕ್ಕೆ ಬೇಕಾದ ಸಣ್ಣ ರೆಸಿಸ್ಟರ್ ಹಾಕಿರುವುದಿಲ್ಲ, ಹಾಗಾಗಿ ಚಾರ್ಜರ್‌ಗೆ ಎದುರಿಗೆ ಏನೋ ಇದೆ ಅಂತಲೇ ತಿಳಿಯುವುದಿಲ್ಲ. ಬಾಕ್ಸ್‌ನಲ್ಲಿ ಬಂದ, ಒಂದು ತುದಿ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಮೂರು ವರ್ಷ ಆಗಿದೆ. ಈ ವಾರದ ಲೆಕ್ಕ ಹೇಳುತ್ತೇನೆ: ನಾಲ್ಕು ಗೆರೆ ತುಂಬಿಸಿ ನೋಡಿದಾಗ 17 ತಾಸು ಬಂತು. ಮೂರು ವರ್ಷ ಹೀಗೆ ಚಾರ್ಜ್ ಕಂಡ ಬ್ಯಾಟರಿಗೆ ಇಷ್ಟು ಸವೆತ ಸಹಜ ಅನಿಸುತ್ತದೆ. ಮೊದಲ ಬೇಸಿಗೆ ನಾನು ಬೇಯಿಸದೆ ಇದ್ದಿದ್ದರೆ ಇನ್ನೂ ಒಂದೆರಡು ತಾಸು ಉಳಿಯುತ್ತಿತ್ತು. ಬಾಕ್ಸ್ ಮೇಲಿನ 30 ಯಾವತ್ತೂ ಬರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ 128 ಕೆಬಿಪಿಎಸ್ ಎಂಪಿ3, ಸ್ಕ್ರೀನ್ ಆಫ್, ನಡು ವಾಲ್ಯೂಮ್ ಅಂತ ಬರೆದಿದ್ದಾರೆ. ಅದನ್ನೂ ದಪ್ಪ ಅಕ್ಷರದಲ್ಲೇ ಬರೆಯಬೇಕಿತ್ತು.

ದಿನಪೂರ್ತಿ ಕೈಗೆ ಬಿಡುವಿಲ್ಲದ, ಕಿವಿ ಮಾತ್ರ ಖಾಲಿ ಇರುವ ಕೆಲಸದವರು ಇದನ್ನು ಧೈರ್ಯವಾಗಿ ತಗೊಳ್ಳಬಹುದು. ವಿಡಿಯೋ ನೋಡುವವರಿಗೆ ಬೇಡ. ನಮ್ಮ ಲೈನಿನಲ್ಲಿ ಈಗ ಮೂವರ ಹತ್ತಿರ ಇದೆ, ಮೂವರಿಗೂ ಅಸ್ತರ್ ಹಾಕಿದ ಚೀಲ ನಾನೇ ಹೊಲಿದುಕೊಟ್ಟಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಚಾರ್ಜಿಂಗ್ ಪೋರ್ಟ್‌ಗೆ ಮುಚ್ಚಳ ಕೊಡದೆ ಇದ್ದದ್ದಕ್ಕೆ. ಒಂದು ಸಣ್ಣ ರಬ್ಬರ್ ಮುಚ್ಚಳ ಇದ್ದಿದ್ದರೆ ಮೇ ತಿಂಗಳಿಂದ ಮಳೆಗಾಲದವರೆಗೆ ಮಧ್ಯಾಹ್ನ ಮೂರೂವರೆಯ ಮೇಲೆ ನಾನು ಸುಮ್ನೆ ಮಷಿನ್ ಸದ್ದು ಕೇಳುತ್ತಾ ಕೂರಬೇಕಾಗಿರಲಿಲ್ಲ.