ಪೋಸ್ಟ್ ಆಫೀಸ್ ಆರ್‌ಡಿ: ಒಂದೇ ದೊಡ್ಡದು ಬೇಡ, ಮೂರು ಚಿಕ್ಕದು ಮಾಡ್ಸಿ

ಪೋಸ್ಟ್ ಆಫೀಸ್ ಆರ್‌ಡಿ, ಅಂದ್ರೆ ತಿಂಗಳು ತಿಂಗಳು ಇಷ್ಟು ಅಂತ ಕಟ್ಟೋ ಉಳಿತಾಯ ಖಾತೆ, ಕಟ್ಟೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಅಕ್ಕಪಕ್ಕದವ್ರು ಕೇಳಿದಾಗೆಲ್ಲ ಹೇಳ್ತಾನೇ ಇದೀನಿ, ಇವತ್ತು ಕೂತು ಪೂರ್ತಿ ಬರೀತೀನಿ. ನಮ್ಮದು ಒಂದೇ ಸಂಬಳದ ಮನೆ. ನಮ್ಮನೆಯವ್ರಿಗೆ ನಂಜನಗೂಡು ಕಡೆ ಫ್ಯಾಕ್ಟರಿಲಿ ಕೆಲಸ, ಕೈಗೆ ಬರೋದು 28,000, ಮೈಸೂರಲ್ಲಿ ಶ್ರೀರಾಂಪುರದಲ್ಲಿ ಬಾಡಿಗೆ ಮನೆ, ಅದಕ್ಕೇ 8,500 ಹೋಗುತ್ತೆ. ಅತ್ತೆ, ಮಗಳು, ನಾವಿಬ್ರು. ರೇಷನ್, ಹಾಲು, ಗ್ಯಾಸು, ಸ್ಕೂಲ್ ವ್ಯಾನು, ಅತ್ತೆ ಬಿಪಿ ಮಾತ್ರೆ ಅಂತ ಒಂದೊಂದೇ ಕಳೀತಾ ಹೋದ್ರೆ 25ನೇ ತಾರೀಖಿಗೆ ಕೈಲಿ ಏನೂ ಇರ್ತಿರ್ಲಿಲ್ಲ, ಉಳಿದ್ರೆ ಕೂಡಿಡೋಣ ಅಂದ್ಕೊಂಡೇ ಮೂರು ವರ್ಷ ಕಳೆದ್ವಿ, ಉಳೀಲೇ ಇಲ್ಲ.

ಅದಕ್ಕೂ ಮೊದ್ಲು ಗೊತ್ತಿರೋರೊಬ್ರ ಹತ್ರ ಚೀಟಿ ಹಾಕಿದ್ವಿ. ರಿಜಿಸ್ಟರ್ ಆಗಿರೋ ಚೀಟಿ ಅಲ್ಲ, ಬರೀ ನಂಬಿಕೆ ಮೇಲೆ. ನಮ್ಮ ಸರದಿ ಬರೋ ಮುಂಚೆನೇ ಅವ್ರು ಮನೆ ಖಾಲಿ ಮಾಡ್ಕೊಂಡು ಹೋದ್ರು. 26,000 ಹೋಯ್ತು, ಕಂಪ್ಲೇಂಟ್ ಕೊಡೋಣ ಅಂದ್ರೆ ಒಂದು ರಸೀದಿನೂ ಇಲ್ಲ. ಆ ತಿಂಗಳು ನಾನು ಅತ್ತಿದ್ದು ಈಗ್ಲೂ ನೆನಪಿದೆ. ಬಡ್ಡಿ ಕಮ್ಮಿ ಆದ್ರೂ ಪರ್ವಾಗಿಲ್ಲ, ದುಡ್ಡು ವಾಪಸ್ ಬರ್ಬೇಕು ಅನ್ನೋ ಹಟ ಬಂದಿದ್ದು ಆಗ್ಲೇ.

ಈಗ ಆರ್‌ಡಿ ವಿಷ್ಯ. ಅವಧಿ ಐದು ವರ್ಷ, ಅಂದ್ರೆ 60 ಕಂತು. ತಿಂಗಳಿಗೆ 100 ರೂಪಾಯಿಂದ ಶುರು ಮಾಡ್ಬೋದು, ಮೇಲಕ್ಕೆ ಮಿತಿ ಇಲ್ಲ. ಬಡ್ಡಿ 2023ರ ಅಕ್ಟೋಬರ್‌ನಿಂದ 6.7 ಪರ್ಸೆಂಟ್, ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತೆ. ಅಕೌಂಟ್ ತೆಗೆದ ದಿನ ಯಾವ ಬಡ್ಡಿ ಇರುತ್ತೋ ಐದು ವರ್ಷ ಪೂರ್ತಿ ಅದೇ, ಆಮೇಲೆ ಸರ್ಕಾರ ಇಳಿಸಿದ್ರೂ ನಮ್ಮದು ಇಳಿಯಲ್ಲ. ತಿಂಗಳಿಗೆ 1,000 ಕಟ್ಟಿದ್ರೆ ನಾವು ಕಟ್ಟೋದು 60,000, ಕೊನೆಗೆ ಸಿಗೋದು ಸುಮಾರು 71,366.

ನಾವು 2,500 ಕಟ್ಟಬೇಕು ಅಂತ ತೀರ್ಮಾನ ಮಾಡಿದ್ವಿ. ಒಂದೇ ಪಾಸ್‌ಬುಕ್ ಸಾಕಲ್ವಾ ಅಂತ ನಮ್ಮನೆಯವ್ರು ಅಂದ್ರು. ನಾನು ಒಪ್ಪಲಿಲ್ಲ, ಮೂರು ಮಾಡ್ಸಿದೆ. ಒಂದು 1,000ದ್ದು ಗಾಡಿಗೆ, ಇನ್ನೊಂದು 1,000ದ್ದು ಪಾಂಡವಪುರದ ಹತ್ರ ಊರಲ್ಲಿರೋ ಹೆಂಚಿನ ಮನೆ ರಿಪೇರಿಗೆ, 500ದ್ದು ಅತ್ತೆ ಆಸ್ಪತ್ರೆ ಖರ್ಚಿಗೆ. ಪಾಸ್‌ಬುಕ್ ಕವರ್ ಮೇಲೆ ಪೆನ್ನಲ್ಲಿ ಹೆಸ್ರೂ ಬರೆದಿದೀನಿ. ಕಾರಣ ಇದೆ. ಈ ಆರ್‌ಡಿ ಮೂರು ವರ್ಷ ಆಗೋವರೆಗೆ ಮುರಿಯೋ ಹಾಗಿಲ್ಲ, ಮೂರು ವರ್ಷ ಆದ್ಮೇಲೆ ಮುರಿದ್ರೂ ಸೇವಿಂಗ್ಸ್ ಅಕೌಂಟ್ ಬಡ್ಡಿ ಮಾತ್ರ, ಅಂದ್ರೆ 4 ಪರ್ಸೆಂಟ್. ಎಲ್ಲಾನೂ ಒಂದರಲ್ಲೇ ಹಾಕಿದ್ರೆ ಹತ್ತು ಸಾವಿರದ ಕಷ್ಟ ಬಂದಾಗ್ಲೂ ಇಡೀ ಗಂಟಿಗೇ ಬಡ್ಡಿ ಇಳಿಯುತ್ತೆ. ಬೇರೆ ಬೇರೆ ಇದ್ರೆ ಒಂದನ್ನ ಮುರಿದು ಉಳಿದಿದ್ದು ಹಾಗೇ ಬಿಡ್ಬೋದು. ಅದೂ ಅಲ್ದೆ ಗಾಡಿ ದುಡ್ಡು ಅಂತ ಬರೆದಿರೋ ಬುಕ್ಕನ್ನ ಮದುವೆ ಮುಯ್ಯಿಗೆ ಅಂತ ತೆಗೆಯೋಕೆ ಮನಸ್ಸು ಬರಲ್ಲ, ಇದು ನಿಜವಾಗ್ಲೂ ಕೆಲಸ ಮಾಡುತ್ತೆ.

ಮುರೀದೇನೂ ದಾರಿ ಇದೆ, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. 12 ಕಂತು ತಪ್ಪದೆ ಕಟ್ಟಿ, ಅಕೌಂಟಿಗೆ ಒಂದು ವರ್ಷ ಆಗಿದ್ರೆ, ಕಟ್ಟಿರೋದ್ರಲ್ಲಿ ಅರ್ಧದವರೆಗೆ ಸಾಲ ಕೊಡ್ತಾರೆ. ಬಡ್ಡಿ ಆರ್‌ಡಿ ಬಡ್ಡಿಗಿಂತ 2 ಪರ್ಸೆಂಟ್ ಜಾಸ್ತಿ, ನಮಗೆ 8.7 ಬಿತ್ತು. ಕಳೆದ ವರ್ಷ ಜುಲೈಲಿ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು, ಅವ್ರ ಖರ್ಚಿಗೆ ಅಂತ ಇಟ್ಟಿದ್ದ 500ರ ಬುಕ್ಕಲ್ಲಿ ಸಾಲ್ತಿರ್ಲಿಲ್ಲ, ಊರಮನೆ ಬುಕ್ಕಲ್ಲಿ 18 ಕಂತು ಆಗಿತ್ತು, ಅದರ ಮೇಲೆ 9,000 ತಗೊಂಡೆ. ಪಾಸ್‌ಬುಕ್ಕು, ಒಂದು ಅರ್ಜಿ, ಅಷ್ಟೇ. ದೀಪಾವಳಿ ಬೋನಸ್ಸಲ್ಲಿ ವಾಪಸ್ ಕಟ್ಟಿದ್ವಿ, ಬಡ್ಡಿ ಇನ್ನೂರು ರೂಪಾಯಿ ಆಸುಪಾಸು ಆಯ್ತು. ನನ್ನ ಬಳೆ ಕೈಯಲ್ಲೇ ಉಳೀತು, ಯಾರ ಮನೆ ಬಾಗಿಲಿಗೂ ಹೋಗ್ಲಿಲ್ಲ.

ತಾರೀಖಿನ ಬಗ್ಗೆ ಒಂದು ಮಾತು. ತಿಂಗಳ 15ರ ಒಳಗೆ ಅಕೌಂಟ್ ತೆಗೆದ್ರೆ ಪ್ರತಿ ತಿಂಗಳು 15ರ ಒಳಗೆ ಕಟ್ಟಬೇಕು, 16ರ ಮೇಲೆ ತೆಗೆದ್ರೆ ತಿಂಗಳ ಕೊನೆ ಕೆಲಸದ ದಿನದವರೆಗೆ ಟೈಮಿರುತ್ತೆ. ನಮಗೆ ಸಂಬಳ 7ಕ್ಕೆ, ಅದಕ್ಕೇ ಬೇಕಂತಲೇ ಫೆಬ್ರವರಿ 8ಕ್ಕೆ ತೆಗೆದೆ. ತಿಂಗಳ ಕೊನೆವರೆಗೆ ಟೈಮ್ ಇದ್ದಿದ್ರೆ ಆ ದುಡ್ಡು ತರಕಾರಿಗೋ ಪೆಟ್ರೋಲಿಗೋ ಹೋಗೇ ಹೋಗ್ತಿತ್ತು. ಈಗ ಮೊದ್ಲು ಆರ್‌ಡಿ, ಆಮೇಲೆ ಬಾಡಿಗೆ, ಉಳಿದಿದ್ದರಲ್ಲಿ ಮನೆ. ತಡ ಆದ್ರೆ ತಿಂಗಳಿಗೆ ನೂರಕ್ಕೆ 1 ರೂಪಾಯಿ ದಂಡ, ಅದು ದೊಡ್ಡದಲ್ಲ. ಆದ್ರೆ ನಾಲ್ಕು ಕಂತು ತಪ್ಪಿದ್ರೆ ಅಕೌಂಟ್ ನಿಂತುಹೋಗುತ್ತೆ, ಎರಡು ತಿಂಗಳ ಒಳಗೆ ಸರಿ ಮಾಡಿಸ್ಬೇಕು, ಇಲ್ಲಾಂದ್ರೆ ಮುಂದೆ ಕಟ್ಟೋಕಾಗಲ್ಲ.

ಬೋನಸ್ ಬಂದಾಗ ಆರು ಕಂತು ಒಟ್ಟಿಗೆ ಕಟ್ಟಿದ್ರೆ ತಿಂಗಳ ಕಂತಿನ ಪ್ರತಿ ನೂರಕ್ಕೆ 10 ರೂಪಾಯಿ ರಿಯಾಯ್ತಿ, ಹನ್ನೆರಡು ಕಂತು ಕಟ್ಟಿದ್ರೆ 40. ಅಂದ್ರೆ 1,000ದ ಆರ್‌ಡಿಗೆ ವರ್ಷದ್ದು ಒಂದೇ ಸಲ ಕಟ್ಟಿದ್ರೆ 12,000ದ ಬದಲು 11,600. ನಾವು ಗಾಡಿ ಬುಕ್ಕಿಗೆ ಒಂದ್ಸಲ ಆರು ತಿಂಗಳದ್ದು ಕಟ್ಟಿದ್ವಿ. ಆದ್ರೆ ಮುಂಗಡ ಕಟ್ಟಿರೋ ಅವಧಿ ಮುಗಿಯೋವರೆಗೆ ಅಕೌಂಟ್ ಮುರಿಯೋ ಹಾಗಿಲ್ಲ, ಕೈ ಬಿಗಿ ಇರೋರು ಯೋಚ್ನೆ ಮಾಡಿ ಕಟ್ಟಿ.

ಕಟ್ಟೋದು ಹೇಗೆ ಅಂದ್ರೆ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಆ್ಯಪಲ್ಲಿ ಮನೇಲೇ ಕೂತು ಕಟ್ಬೋದು, ನಾನು ಹಾಗೇ ಮಾಡೋದು. ನಮ್ಮ ಅತ್ತಿಗೆಗೆ ಮನೆಗೇ ಬಂದು ತಗೊಂಡು ಹೋಗೋ ಏಜೆಂಟ್ ಅಕ್ಕ ಇದಾರೆ. ಮಹಿಳಾ ಪ್ರಧಾನ ಕ್ಷೇತ್ರೀಯ ಬಚತ್ ಯೋಜನೆ ಅಂತ ಹೆಂಗಸ್ರಿಗೇ ಇರೋ ಏಜೆನ್ಸಿ ಅದು, ಅವ್ರ ಕಮಿಷನ್ ಸರ್ಕಾರ ಕೊಡುತ್ತೆ, ನಾವು ಒಂದು ರೂಪಾಯಿನೂ ಜಾಸ್ತಿ ಕೊಡ್ಬೇಕಾಗಿಲ್ಲ. ಎಷ್ಟೇ ಪರಿಚಯ ಇದ್ರೂ ಪಾಸ್‌ಬುಕ್ಕಲ್ಲಿ ಎಂಟ್ರಿ ಆಗಿದ್ಯಾ ಅಂತ ಆಗಾಗ ನೋಡ್ಕೊಳಿ, ಚೀಟಿಲಿ ಕಳ್ಕೊಂಡವಳು ಹೇಳ್ತಿದೀನಿ.

ಕೊರತೆ ಇಲ್ವಾ ಅಂದ್ರೆ ಇದೆ. ಸ್ಕೂಲ್ ಫೀಸಿಗೆ ಇದು ಆಗಲ್ಲ. ಐದು ವರ್ಷ ಬಿಟ್ರೆ ಚಿಕ್ಕ ಅವಧಿ ಇಲ್ಲ, ಫೀಸು ಪ್ರತಿ ಜೂನ್‌ಗೆ ಬರುತ್ತೆ. ಅದಕ್ಕೆ ಬ್ಯಾಂಕಲ್ಲಿ ಒಂದು ವರ್ಷದ ಆರ್‌ಡಿ ಬೇರೆ ಇಟ್ಟಿದೀನಿ. 80ಸಿ ಟ್ಯಾಕ್ಸ್ ವಿನಾಯ್ತಿನೂ ಇಲ್ಲ, ನಮಗೆ ಟ್ಯಾಕ್ಸೇ ಬರಲ್ಲ ಅದರಿಂದ ತೊಂದ್ರೆ ಆಗ್ಲಿಲ್ಲ. ಕೈಲಿ ಒಂದು ತಿಂಗಳ ಖರ್ಚಿನಷ್ಟೂ ಇಲ್ದೆ ಇದನ್ನ ಶುರು ಮಾಡ್ಬೇಡಿ, ಮೊದಲ ವರ್ಷ ಸಾಲನೂ ಸಿಗಲ್ಲ.

ನನ್ನ ಗೃಹಲಕ್ಷ್ಮಿ 2,000 ಇದರಲ್ಲಿ ಸೇರಿಸಿಲ್ಲ, ಅದು ಮಗಳ ಸುಕನ್ಯಾ ಸಮೃದ್ಧಿಗೆ. ಅದಕ್ಕೆ ಪ್ರತಿ ತಿಂಗಳು ಇಷ್ಟೇ ಅಂತ ಕಟ್ಟುಪಾಡಿಲ್ಲ, ವರ್ಷಕ್ಕೆ ಕನಿಷ್ಠ 250, ಹೆಚ್ಚು ಅಂದ್ರೆ ಒಂದೂವರೆ ಲಕ್ಷ, ದುಡ್ಡು ಇದ್ದಾಗ ಹಾಕ್ಬೋದು. ಬಡ್ಡಿ 2024ರ ಜನವರಿಯಿಂದ 8.2. ತಿಂಗಳ 5ರ ಒಳಗೆ ಹಾಕಿದ್ರೆ ಆ ತಿಂಗಳ ಬಡ್ಡಿನೂ ಸೇರುತ್ತೆ. ಮಗುಗೆ ಹತ್ತು ವರ್ಷ ತುಂಬೋ ಮುಂಚೆನೇ ತೆಗೀಬೇಕು, ಹೆಣ್ಮಕ್ಕಳಿರೋರು ಮುಂದೂಡ್ಬೇಡಿ.

ಆರ್‌ಡಿ ತೆಗೆಯೋಕೆ ಹೋಗೋವಾಗ ಆಧಾರ್, ಪ್ಯಾನ್, ಎರಡು ಫೋಟೋ, ಮೊದಲ ಕಂತಿನ ದುಡ್ಡು ಇಟ್ಕೊಳಿ. ನಾಮಿನಿ ಹೆಸರು ಅವತ್ತೇ ಬರೆಸಿ. ಈ ಆರ್‌ಡಿಗೆ ಐದಕ್ಕೆ ನಾಲ್ಕೂವರೆ ಮಾರ್ಕ್ಸ್ ಕೊಡ್ತೀನಿ, ಅರ್ಧ ಕಳೆದಿದ್ದು ಚಿಕ್ಕ ಅವಧಿ ಇಲ್ಲ ಅಂತ.

ಕಣ್ಣು ಆಪರೇಷನ್ ಆದ್ಮೇಲೆ ಅತ್ತೆ ಒಂದಿನ ಮೂರೂ ಪಾಸ್‌ಬುಕ್ ಕೈಲಿಟ್ಕೊಂಡು ಒಂದೊಂದೇ ಎಂಟ್ರಿ ಓದ್ತಾ ಕೂತಿದ್ರು. ಆಮೇಲೆ ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ನೋಟು ಕೊಟ್ಟು, "ನನ್ನ ಹೆಸ್ರಲ್ಲೂ ಒಂದು ಇರ್ಲಿ ಕಣವ್ವ, ನಮ್ಮ ಪುಟ್ಟಿಗೆ ಆಯ್ತದೆ" ಅಂದ್ರು. ಮುಂದಿನ ತಿಂಗಳು 8ಕ್ಕೆ ಅವ್ರನ್ನ ಕರ್ಕೊಂಡು ಹೋಗ್ತಿದೀನಿ.