ಎಲ್ಲ ಚೆನ್ನಾಗಿದೆ, ರಾತ್ರಿಯ ಊಟ ಮಾತ್ರ ಆರೂವರೆಗೆ

ಮೈಸೂರಿನ ಹೊರವಲಯದಲ್ಲಿರುವ ಈ ಹಿರಿಯರ ವಸತಿಗೆ ನಾನು ಬಂದು ಎರಡು ವರ್ಷ ದಾಟಿತು. ಲಿಫ್ಟ್, ಆಂಬ್ಯುಲೆನ್ಸ್, ಜಾರದ ನೆಲ, ವಾರಕ್ಕೊಮ್ಮೆ ಬರುವ ವೈದ್ಯರು, ಇವೆಲ್ಲ ಅವರ ಬಣ್ಣದ ಪುಸ್ತಿಕೆಯಲ್ಲೇ ಇವೆ, ನಾನು ಮತ್ತೆ ಬರೆಯುವುದಿಲ್ಲ. ನನಗೀಗ ಎಪ್ಪತ್ತಾರು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಎಡ ಮಂಡಿ ಪೂರ್ತಿ ಮಡಚುವುದಿಲ್ಲ, ಸಕ್ಕರೆ ಕಾಯಿಲೆ ಬಹಳ ಹಳೆಯದು, ಮಗ ಜರ್ಮನಿಯಲ್ಲಿದ್ದಾನೆ. ಸ್ನಾನಕ್ಕೆ ಒಬ್ಬರ ಆಸರೆ ಬೇಕಿತ್ತು, ಮಾತ್ರೆಗಳನ್ನು ನೆನಪಿಸುವವರು ಬೇಕಿತ್ತು. ಒಲೆಯ ಮುಂದೆ ನಿಲ್ಲುವುದು ಸಾಕಾಗಿಹೋಗಿತ್ತು.

ದುಡ್ಡಿನ ವಿಷಯ ಮೊದಲು ಮುಗಿಸುತ್ತೇನೆ. ಠೇವಣಿ ನಾಲ್ಕು ಲಕ್ಷ, ತಿಂಗಳಿಗೆ 46,000 ರೂಪಾಯಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ ಮಿತಿಯಾದ 30 ಲಕ್ಷವನ್ನು ಇಟ್ಟಿದ್ದೇನೆ. ಶೇ. 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ, ಅಂದರೆ ತಿಂಗಳಿಗೆ 20,500. ಉಳಿದದ್ದನ್ನು ಪಿಂಚಣಿ ಮತ್ತು ಕುವೆಂಪುನಗರದ ಮನೆಯ ಬಾಡಿಗೆ ತುಂಬುತ್ತವೆ. ಆರೋಗ್ಯ ವಿಮೆಯಿಂದ ಇದಕ್ಕೆ ಒಂದು ಕಾಸೂ ಸಿಗುವುದಿಲ್ಲ. ಅದು ಆಸ್ಪತ್ರೆಗೆ ದಾಖಲಾದವರಿಗೆ. ಬೆನ್ನು ಉಜ್ಜಿಸಿಕೊಳ್ಳುವವರಿಗೆ ಇಲ್ಲ. ಇನ್ನೊಂದು ಮಾತು. ಸ್ನಾನ, ಬಟ್ಟೆ ತೊಡುವುದು, ಶೌಚ, ಮಂಚದಿಂದ ಏಳುವುದು, ಊಟ ಮಾಡುವುದು, ಇವುಗಳಲ್ಲಿ ಎಷ್ಟಕ್ಕೆ ನೆರವು ಬೇಕು ಎಂದು ನೋಡಿ ಇಲ್ಲಿ ಆರೈಕೆಯ ಹಂತ ನಿಗದಿ ಮಾಡುತ್ತಾರೆ. ಹಂತ ಏರಿದರೆ ದರವೂ ಏರುತ್ತದೆ. ನನ್ನದು ಸದ್ಯಕ್ಕೆ ಮೊದಲ ಹಂತ. ಆರು ತಿಂಗಳಿಗೊಮ್ಮೆ ಪರೀಕ್ಷಿಸಲು ಬರುವ ದಿನ ನಾನು ಸೀರೆಯ ನೆರಿಗೆಯನ್ನು ಸ್ವಲ್ಪ ಹೆಚ್ಚೇ ಚೊಕ್ಕಟವಾಗಿ ಹಿಡಿಯುತ್ತೇನೆ.

ಬೆಳಗಿನ ಹೊತ್ತಿಗೆ ಮಾತ್ರ ನಾನು ಎಷ್ಟು ದುಡ್ಡಾದರೂ ಕೊಟ್ಟೇನು. ಆರಕ್ಕೆ ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ ಬರುತ್ತದೆ. ಚಿಕೋರಿ ಕಡಿಮೆ, ಸಕ್ಕರೆ ಇಲ್ಲವೇ ಇಲ್ಲ. ಕಾಫಿ ಮುಗಿಯುವ ಹೊತ್ತಿಗೆ ಆಯಾ ಬರುತ್ತಾಳೆ. ಸ್ನಾನದ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅದರ ಮೇಲೆ ಒಂದು ತಂಬಿಗೆ ಬಿಸಿನೀರು ಸುರಿದು ಬೆಚ್ಚಗೆ ಮಾಡಿದ ಮೇಲೆಯೇ ನನ್ನನ್ನು ಕೂರಿಸುವುದು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಮೊದಲು ಪಾದ, ಆಮೇಲೆ ಬೆನ್ನು. ತಲೆಗೆ ನೀರು ಹಾಕುವ ಮುಂಚೆ ‘ಟೀಚರಮ್ಮ, ಕಣ್ಣು ಮುಚ್ಚಿ’ ಎನ್ನುತ್ತಾಳೆ. ಬಾಲ್ಯದಲ್ಲಿ ದೀಪಾವಳಿಯ ಹಿಂದಿನ ರಾತ್ರಿ ಹಂಡೆಗೆ ನೀರು ತುಂಬಿ, ಬೆಳಿಗ್ಗೆ ಸೌದೆ ಉರಿಸಿ ಎರೆಯುತ್ತಿದ್ದರಲ್ಲ, ಆ ಸುಖವನ್ನು ಈ ವಯಸ್ಸಿನಲ್ಲಿ ವಾರದ ದಿನವೂ ಪಡೆಯಬಹುದು ಎಂದು ನಾನು ಎಣಿಸಿರಲಿಲ್ಲ. ಇನ್ನೊಬ್ಬರ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳುವ ಸಂಕೋಚ ಒಂದು ತಿಂಗಳಲ್ಲಿ ಹೋಯಿತು. ಚಳಿಗಾಲದಲ್ಲಿ ಊಟದ ಮನೆಯ ಉದ್ದ ಮೇಜಿನ ಸುತ್ತ ಕುಳಿತು ಅವರೆಕಾಯಿ ಸುಲಿಯುತ್ತೇವೆ. ಅದೂ ನನಗೆ ಇಷ್ಟ. ಅಡುಗೆಯವರು ಕೆಲಸ ಹಗುರವಾಗಲಿ ಎಂದು ಕೊಟ್ಟದ್ದನ್ನು ಕಚೇರಿಯವರು ‘ಚಟುವಟಿಕೆ’ ಎಂದು ಫೋಟೊ ತೆಗೆದು ಮಕ್ಕಳಿಗೆ ಕಳಿಸುತ್ತಾರೆ. ಇರಲಿ, ಹಿತಕಿದ ಬೇಳೆಯ ಸಾರು ನಮಗೇ ತಾನೆ ಸಿಗುವುದು.

ಈಗ ರಾತ್ರಿಯ ಊಟ. ಅದನ್ನು ರಾತ್ರಿಯ ಊಟ ಎನ್ನುವುದೇ ತಪ್ಪು. ಸಂಜೆ ಆರೂವರೆಗೆ ಗಂಟೆ ಬಾರಿಸುತ್ತಾರೆ. ಬೇಸಿಗೆಯಲ್ಲಿ ಆ ಹೊತ್ತಿಗೆ ಚಾಮುಂಡಿ ಬೆಟ್ಟದ ಮೇಲೆ ಇನ್ನೂ ಬೆಳಕಿರುತ್ತದೆ. ನಾಲ್ಕೂವರೆಗೆ ಕೊಟ್ಟ ಉಪ್ಪಿಟ್ಟು ಹೊಟ್ಟೆಯಲ್ಲಿ ಕುಳಿತಿರುವಾಗಲೇ ಚಪಾತಿ ಮುಂದೆ ಬರುತ್ತದೆ. ಅರ್ಧ ತಿಂದು ಏಳುತ್ತೇವೆ. ಮರುದಿನದ ತಿಂಡಿ ಎಂಟೂವರೆಗೆ. ನಡುವೆ ಹದಿನಾಲ್ಕು ಗಂಟೆ. ಕಾರಣ ಸರಳ: ಅಡುಗೆಯವರು ಗುತ್ತಿಗೆಯವರು, ಅವರನ್ನು ಊರಿಗೆ ಕರೆದೊಯ್ಯುವ ವ್ಯಾನು ಏಳೂವರೆಗೆ ಹೊರಡುತ್ತದೆ. ವ್ಯವಸ್ಥಾಪಕರು ಮಾತ್ರ ಬೇರೆಯೇ ಕಾರಣ ಹೇಳಿದರು. ‘ಮೇಡಂ, ವಯಸ್ಸಾದವರಿಗೆ ಬೇಗ ಊಟ ಮಾಡಿದರೆ ಜೀರ್ಣಕ್ಕೆ ಒಳ್ಳೆಯದು.’ ಮೂವತ್ತು ವರ್ಷ ಮಕ್ಕಳ ನೆಪಗಳನ್ನು ಕೇಳಿದ ನನ್ನ ಮುಂದೆ ಈ ಮಾತು!

ಸಕ್ಕರೆ ಕಾಯಿಲೆ ಇಲ್ಲದವರಿಗೆ ಇದು ಬರೀ ಹಸಿವು. ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ಹಾಗಲ್ಲ. ಆ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ಹೊಟ್ಟೆ ತುಂಬ ತಿಂದಿರೋ ಅರ್ಧಕ್ಕೆ ಎದ್ದಿರೋ ಅದಕ್ಕೆ ತಿಳಿಯುವುದಿಲ್ಲ. ಒಂದು ರಾತ್ರಿ ಎರಡರ ಸುಮಾರಿಗೆ ಎಚ್ಚರವಾದಾಗ ರವಿಕೆ ಬೆವರಿನಲ್ಲಿ ನೆನೆದಿತ್ತು, ಕೈ ನಡುಗುತ್ತಿತ್ತು, ದೀಪದ ಸ್ವಿಚ್ ಯಾವ ಕಡೆ ಇದೆ ಎಂಬುದೇ ಹೊಳೆಯಲಿಲ್ಲ. ಮಂಚದ ಪಕ್ಕದ ಕರೆಗಂಟೆ ಒತ್ತಿದೆ. ಹೇಳಲೇಬೇಕು, ರಾತ್ರಿ ಪಾಳಿಯ ಸಿಸ್ಟರ್ ಓಡಿಬಂದರು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 58. ಎಪ್ಪತ್ತಕ್ಕಿಂತ ಕೆಳಗೆ ಇಳಿದರೇ ಕಡಿಮೆ ಎನ್ನುತ್ತಾರೆ. ಮೂರು ಚಮಚ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಪಕ್ಕದಲ್ಲೇ ಕುಳಿತು ಮತ್ತೆ ಪರೀಕ್ಷಿಸಿದರು. ಆಮೇಲೆ ಏನಾದರೂ ತಿನ್ನಿಸಬೇಕಲ್ಲ? ಅಡುಗೆಮನೆಗೆ ಬೀಗ. ತಮ್ಮ ಚೀಲದಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಕೊಟ್ಟರು. ಆ ಮಂಪರಿನಲ್ಲಿ ನಾನು ಶೌಚಾಲಯಕ್ಕೆಂದು ಎದ್ದು ಬಿದ್ದಿದ್ದರೆ ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರುತ್ತಿದ್ದೆ.

ಆ ವಾರವೇ ವೈದ್ಯರು ಸಂಜೆಯ ಮಾತ್ರೆಯನ್ನು ಕಡಿಮೆ ಮಾಡಿದರು, ಮಲಗುವ ಮುಂಚೆ ಏನಾದರೂ ತಿನ್ನಿ ಎಂದರು. ಕಚೇರಿಯಲ್ಲಿ ಕೇಳಿದೆ. ಕೊಡುತ್ತೇವೆ ಎಂದರು. ತಿಂಗಳ ಕೊನೆಗೆ ಬಿಲ್ಲಿನಲ್ಲಿ ‘ವಿಶೇಷ ಸೇವೆ 1,200’ ಎಂದಿತ್ತು. ದಿನಕ್ಕೆ ನಲವತ್ತು ರೂಪಾಯಿ, ಅರ್ಧ ಲೋಟ ಹಾಲು ಮತ್ತು ಎರಡು ರಸ್ಕಿಗೆ! ದುಡ್ಡಿಗಿಂತ ‘ವಿಶೇಷ’ ಎಂದದ್ದಕ್ಕೆ ನನಗೆ ಕೋಪ ಬಂತು. ಮಹಡಿಯಲ್ಲಿ ಸಕ್ಕರೆ ಕಾಯಿಲೆಯವರ ಪಟ್ಟಿ ಮಾಡಿದೆ. ಅರ್ಧಕ್ಕಿಂತ ಹೆಚ್ಚು ಜನ. ಎಲ್ಲರ ಸಹಿಯೊಂದಿಗೆ ಪತ್ರ ಕೊಟ್ಟೆವು, ಪ್ರತಿಯನ್ನು ಮಕ್ಕಳಿಗೂ ಕಳಿಸಿದೆವು. ನಮ್ಮ ಸಹಿಗಿಂತ ಮಕ್ಕಳ ಫೋನುಗಳಿಗೇ ಬೇಗ ಉತ್ತರ ಬಂತು ಎಂಬುದು ಬೇರೆ ಮಾತು.

ಈಗ ರಾತ್ರಿ ಎಂಟೂಕಾಲಿಗೆ ಗಾಡಿಯಲ್ಲಿ ಹಾಲು, ರಸ್ಕು, ಕೆಲವೊಮ್ಮೆ ರಾಗಿ ಮಾಲ್ಟು ಬಾಗಿಲಿಗೇ ಬರುತ್ತದೆ, ಎಲ್ಲರಿಗೂ, ಉಚಿತವಾಗಿ. ಗಾಡಿಯ ಸದ್ದಿಗೆ ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಮೊದಲು ಏಳಕ್ಕೆಲ್ಲ ಕೋಣೆ ಸೇರಿಬಿಡುತ್ತಿದ್ದವರು ಈಗ ಪಡಸಾಲೆಯಲ್ಲಿ ನಿಂತು ಧಾರಾವಾಹಿಯ ಅತ್ತೆಯನ್ನು ಬೈಯುತ್ತಾರೆ. ನನ್ನ ಸಿಟ್ಟು ಅರ್ಧ ಇಳಿದದ್ದು ಇದರಿಂದ. ಇನ್ನರ್ಧ ಹಾಗೆಯೇ ಇದೆ, ಏಕೆಂದರೆ ಊಟ ಇಂದಿಗೂ ಆರೂವರೆಗೇ, ಮತ್ತು ಕರಾರಿನಲ್ಲಿ ಸಮಯ ಬದಲಿಸುವ ಹಕ್ಕು ಸಂಸ್ಥೆಯದು ಎಂದು ಬರೆದಿದೆ. ನಿವೃತ್ತರ ವಸತಿಗಳಿಗಾಗಿ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಮನೆ ಮಾರುವ ಯೋಜನೆಯಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಇದೆ. ತಿಂಗಳ ಶುಲ್ಕಕ್ಕೆ ಇರುವ ನನ್ನಂಥವರ ಚಪಾತಿಯ ಹೊತ್ತನ್ನು ಕೇಳುವವರು ನಾವೇ.

ಐದಕ್ಕೆ ಮೂರೂವರೆ ನಕ್ಷತ್ರ. ನಾನು ಇಲ್ಲೇ ಇರುತ್ತೇನೆ, ಆ ಸ್ನಾನವನ್ನು ಬಿಟ್ಟು ಹೋಗಲಾರೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಮಾತ್ರ ಸೇರುವ ಮುಂಚೆ ತಮ್ಮ ವೈದ್ಯರಿಗೆ ಇಲ್ಲಿನ ಊಟದ ವೇಳಾಪಟ್ಟಿಯನ್ನು ತೋರಿಸಲಿ. ನೋಡಲು ಬರುವ ಮಕ್ಕಳು ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಾರೆ, ಆಗ ತೋಟಕ್ಕೆ ನೀರು ಹಾಕಿರುತ್ತಾರೆ, ಎಲ್ಲ ಫಳಫಳ. ಭಾನುವಾರ ಸಂಜೆ ಹೇಳದೆ ಬನ್ನಿ, ಊಟ ಮುಗಿಯುವವರೆಗೆ ಕುಳಿತಿರಿ. ದಿನದ ಕೊನೆಯ ತುತ್ತು ಎಷ್ಟು ಹೊತ್ತಿಗೆ, ಮರುದಿನದ ಮೊದಲ ತುತ್ತು ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಳ್ಳಿ. ಅಡುಗೆಮನೆಯ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ ಎಂದೂ ಕೇಳಿ. ಇಲ್ಲಿ ಅದು ಮೊದಲು ಗುತ್ತಿಗೆದಾರನ ಜೇಬಿನಲ್ಲಿ ಊರಿಗೆ ಹೋಗುತ್ತಿತ್ತು. ಈಗ ಸಿಸ್ಟರ್ ಮೇಜಿನ ಮೇಲೆ ಇದೆ.