ಸೂರಕ್ಕಿಯ ರೆಕ್ಕೆಗೆ ನಾಲ್ಕು ಫ್ಲ್ಯಾಶ್: ಬಾಡಿಗೆ ಸೆಟ್‌ನ ವಿಮರ್ಶೆ

ಹಮ್ಮಿಂಗ್‌ಬರ್ಡ್‌ಗಳಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಅವುಗಳ ಹಾರಾಟವನ್ನು ಸೆರೆಹಿಡಿಯಲು ಅಲ್ಲಿನವರು ಅನುಸರಿಸುವ ಹಲವು ಫ್ಲ್ಯಾಶ್‌ಗಳ ವಿಧಾನವನ್ನು ಅವುಗಳಂತೆಯೇ ಮಕರಂದ ಹೀರುವ ನಮ್ಮ ಸೂರಕ್ಕಿಗಳಿಗೆ (ಸನ್‌ಬರ್ಡ್) ಅನ್ವಯಿಸಬಯಸುವವರಿಗೆ, ಮೈಸೂರಿನ ಕ್ಯಾಮೆರಾ ಅಂಗಡಿಯೊಂದು ನಾಲ್ಕು ಫ್ಲ್ಯಾಶ್, ಸ್ಟ್ಯಾಂಡ್‌ಗಳು ಮತ್ತು ಅವೆಲ್ಲವನ್ನೂ ತಂತಿಯಿಲ್ಲದೆ ಒಟ್ಟಿಗೆ ಬೆಳಗಿಸುವ ಒಂದು ರೇಡಿಯೋ ಟ್ರಿಗರ್ ಇರುವ ಸೆಟ್ಟನ್ನು ದಿನಬಾಡಿಗೆಗೆ ಕೊಡುತ್ತದೆ. ಕುವೆಂಪುನಗರದ ನಮ್ಮ ಮನೆಯ ದಾಸವಾಳದ ಗಿಡದೆದುರು ಅದನ್ನು ಬಳಸಿ ಈ ವಿಮರ್ಶೆ ಬರೆದಿದ್ದೇನೆ.

ಸ್ಟುಡಿಯೋ ಲೈಟ್‌ಗಳ ಬದಲು ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವ ಸಣ್ಣ ಫ್ಲ್ಯಾಶ್‌ಗಳನ್ನೇ ಸೆಟ್‌ನಲ್ಲಿ ಇಟ್ಟಿರುವುದು ಈ ಅಂಗಡಿಯವರ ಜಾಣತನ. ರೂಬಿ-ಥ್ರೋಟೆಡ್ ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ ಸುಮಾರು 50 ಬಾರಿ ರೆಕ್ಕೆ ಬಡಿಯುತ್ತದೆ. ಅಂಥ ವೇಗವನ್ನು ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶ್ ಬೆಳಗುವ ಅವಧಿ. ಸಣ್ಣ ಫ್ಲ್ಯಾಶ್‌ನ ಶಕ್ತಿಯನ್ನು 1/32ಕ್ಕೆ ಇಳಿಸಿದರೆ ಬೆಳಕು ನಡುವೆಯೇ ಕಡಿತಗೊಂಡು, ಅವಧಿ 1/10,000 ಸೆಕೆಂಡಿಗಿಂತಲೂ ಕಡಿಮೆಯಾಗುತ್ತದೆ. ಹಳೆಯ ಮಾದರಿಯ ಅನೇಕ ಸ್ಟುಡಿಯೋ ಲೈಟ್‌ಗಳಲ್ಲಾದರೋ ಶಕ್ತಿ ತಗ್ಗಿಸಿದಷ್ಟೂ ಅವಧಿ ಹಿಗ್ಗುತ್ತದೆ. ಶಟರ್ ವೇಗ ತುಂಬ ಹೆಚ್ಚಿದ್ದಾಗಲೂ ಫ್ಲ್ಯಾಶ್ ಬಳಸಲು ಟ್ರಿಗರ್‌ನಲ್ಲಿರುವ ಹೈ-ಸ್ಪೀಡ್ ಸಿಂಕ್ ಸೌಲಭ್ಯ ಕೂಡ ಇಲ್ಲಿ ಉಪಯೋಗವಿಲ್ಲ. ಅದು ಬೆಳಕನ್ನು ಉದ್ದಕ್ಕೆ ಎಳೆಯುತ್ತದೆ. ಆದ್ದರಿಂದ ನೆರಳಿನಲ್ಲಿ, ಶಟರ್ 1/200 ಸೆಕೆಂಡ್, ಅಪರ್ಚರ್ (ಲೆನ್ಸ್‌ನ ಬೆಳಕಿನ ಕಿಂಡಿ) ಕಿರಿದಾದ ಎಫ್/16 ಇಟ್ಟು ಹಗಲು ಬೆಳಕು ದಾಖಲಾಗದಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಚೂಪಾದ ರೆಕ್ಕೆಯ ಪಕ್ಕದಲ್ಲೇ ಮಸುಕಾದ ಇನ್ನೊಂದು ರೆಕ್ಕೆ ಮೂಡುತ್ತದೆ.

ಶಕ್ತಿ ಕಡಿಮೆಯಿರುವುದರಿಂದ ಫ್ಲ್ಯಾಶ್‌ಗಳು ಹೂವಿನಿಂದ ಅರ್ಧ ಮೀಟರ್ ಆಸುಪಾಸಿನಲ್ಲೇ ಇರಬೇಕಾಗುತ್ತದೆ. ಎರಡು ಮುಂದೆ, ಒಂದು ಹಿಂದೆ ಮೇಲ್ಗಡೆ, ನಾಲ್ಕನೆಯದು ಹಿನ್ನೆಲೆಗೆ. ಈ ನಾಲ್ಕನೆಯದನ್ನು ಬಿಟ್ಟರೆ ನಡುಹಗಲ ಚಿತ್ರವೂ ಅಮಾವಾಸ್ಯೆಯಂತೆ ಕಾಣುತ್ತದೆ. ಹಿನ್ನೆಲೆಯ ಹಲಗೆ ಸೆಟ್‌ನಲ್ಲಿಲ್ಲ. ಹಸಿರು ಬಳಿದ ರಟ್ಟು ಸಾಕು. ಗಂಡು ಸೂರಕ್ಕಿಯ ಕೊರಳಿನ ಹೊಳಪು ಗರಿಯ ರಚನೆಯಿಂದ ಬರುವಂಥದ್ದಾದ್ದರಿಂದ, ಮುಂದಿನ ಫ್ಲ್ಯಾಶನ್ನು ಒಂದು ಗೇಣು ಸರಿಸಿದರೂ ಮಿನುಗುವ ನೇರಳೆ ಕಪ್ಪಾಗಿಬಿಡಬಹುದು. ಸೂರಕ್ಕಿಗಳು ಸಾಮಾನ್ಯವಾಗಿ ಕೂತೇ ಮಕರಂದ ಹೀರುತ್ತವೆ, ಗಾಳಿಯಲ್ಲಿ ನಿಲ್ಲುವುದು ಅರೆಕ್ಷಣ. ಕಾಲೂರಲು ಆಸರೆಯಿಲ್ಲದ, ರೆಂಬೆಯ ತುದಿಯ ಹೂವನ್ನೇ ಆರಿಸಿಕೊಳ್ಳುವುದು ಲೇಸು. ಗೂಡಿನ ಹತ್ತಿರವಂತೂ ಇದನ್ನು ಹೂಡಲೇಬಾರದು.

ಕೊರತೆಗಳೂ ಇವೆ. ಜೊತೆಗೆ ಕೊಡುವ ಪೆನ್ ಸೆಲ್‌ಗಳು ಹಳತಾಗಿದ್ದು, ಸ್ವಲ್ಪ ಹೊತ್ತಿನಲ್ಲೇ ಒಂದು ಫ್ಲ್ಯಾಶ್ ಹಿಂದುಳಿಯತೊಡಗಿತು. ನಿಮ್ಮದೇ ರೀಚಾರ್ಜಬಲ್ ಸೆಲ್‌ಗಳನ್ನು ಒಯ್ಯಿರಿ. ಸ್ಟ್ಯಾಂಡ್‌ಗಳು ತೀರಾ ಹಗುರ, ಬುಡಕ್ಕೆ ಇಟ್ಟಿಗೆ ಬೇಕು. ಅಂಗಡಿಯವರು ಮಾತ್ರ ಸಹನೆಯಿಂದ ವಿವರಿಸುತ್ತಾರೆ. ಮದುವೆಯ ದಿನಗಳಲ್ಲಿ ಸೆಟ್ ಖಾಲಿ ಇರುವುದಿಲ್ಲವಾದ್ದರಿಂದ ಮೊದಲೇ ಹೇಳಿಡಬೇಕು.